ಚಾಂದ ಪಾಶಾನ ದಾರ

ಗಂಗುಬಾಯಿ ಚಾಂದ ಪಾಶಾನ ಬೆನ್ನಿಗೆ ಕೋಲಿನಿಂದ ಹೊಡೆಯುತ್ತಿದ್ದಳು. ಕುರಿ ಕಾಯುವವರ ಕೋಲು ಅದು, ಅದರ ಏಟು ತಿಂದ ತೋಳ ಮತ್ತೆ ಹಟ್ಟಿಯ ಕಡೆ ಬರುವುದಿಲ್ಲ. ಪಾಶಾ ಮಾತ್ರ ತಿರುಗಿಯೂ ನೋಡಲಿಲ್ಲ. ಮೊಣಕಾಲುದ್ದ ನೀರಿನಲ್ಲಿ ನಿಂತು, ಹಲ್ಲಿನಲ್ಲಿ ದಾರ ಕಚ್ಚಿಕೊಂಡು, ಎರಡೂ ಕೈಯಿಂದ ಮೀನನ್ನು ಜಗ್ಗುತ್ತಿದ್ದ. ಅವಳ ಗಂಡ ಮಡೆಪ್ಪ ಹೊಳೆಯ ನಡುವಿನ ಬಂಡೆಯ ಮೇಲೆ ಕುರಿಗಳ ಜೊತೆ ಸಿಕ್ಕಿಕೊಂಡಿದ್ದ. ಸುತ್ತಲೂ ಮಾಂಜ್ರಾ ನದಿ ನೋಡನೋಡುತ್ತ ಏರುತ್ತಿತ್ತು.

"ಮೀನ ಬಿಡೋ! ಮನಶ್ಯಾ ಸಾಯ್ಲಾಕತ್ಯಾನ, ನಿನಗ ಮೀನಿಂದು ಬಿದ್ದದೇನೋ, ನಿನ್ನ ಹೆಣಾ ಎತ್ತಲಿ!"

ಬೀದರದ ಚಹಾದಂಗಡಿಗಳಲ್ಲಿ ಈ ಸಂಗತಿಯನ್ನು ನಾನು ಲೆಕ್ಕವಿಲ್ಲದಷ್ಟು ಸಲ ಹೇಳಿದ್ದೇನೆ. ಪ್ರತಿ ಸಲವೂ ಇಲ್ಲಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ಕೇಳುವವರು ಕಪ್ಪು ಕೆಳಗಿಡುವುದು ಇಲ್ಲಿಯೇ. ಆಮೇಲೆ ಅವರ ಚಹಾ ತಣ್ಣಗಾದರೆ ಅದಕ್ಕೆ ನಾನು ಜವಾಬ್ದಾರನಲ್ಲ.

ಚಾಂದ ಪಾಶಾ ಬೀದರದ ಅಂಚಿನ ನೌಬಾದದ ದರ್ಜಿ. ರಸ್ತೆಗೆ ಮುಖ ಮಾಡಿದ ಒಂದು ಕೋಣೆ, ಒಂದು ಹೊಲಿಗೆ ಮಿಷನ್, ಅದರ ಹಿಂದೆ ಅವನು, ಅವನ ಹಿಂದಿನ ಪರದೆಯಾಚೆ ಗುಂಡಿ ಹಚ್ಚುತ್ತ ಕೂತ ಹೆಂಡತಿ ವಜೀರಬೀ. ಒಂದು ಕಾಲಕ್ಕೆ ಅವನ ಶೇರವಾನಿಗೆ ಹೆಸರಿತ್ತು. ಶೇರವಾನಿ ಹೊಲಿಸುವವರು ಕಡಿಮೆಯಾದ ಮೇಲೆ ಅಂಗಿ ಪಾಯಜಾಮಕ್ಕೆ ಇಳಿದಿದ್ದ. ಬಟ್ಟೆ ಯಾವಾಗ ಕೊಡುತ್ತೀ ಎಂದು ಕೇಳಿದರೆ "ಜುಮ್ಮಾಕ್ಕ ಖಂಡಿತ" ಎನ್ನುತ್ತಿದ್ದ, ಯಾವ ಶುಕ್ರವಾರ ಎಂದು ಮಾತ್ರ ಹೇಳುತ್ತಿರಲಿಲ್ಲ. ನನ್ನ ಒಂದು ಪಾಯಜಾಮ ಅವನ ಹತ್ತಿರ ದಸರೆಯಿಂದ ಬಿದ್ದಿತ್ತು.

ಇಂಥ ಮನುಷ್ಯ ಒಂದು ಕೆಲಸವನ್ನು ಮಾತ್ರ ಶ್ರದ್ಧೆಯಿಂದ ಮಾಡಿದ. ಎರಡು ಮಳೆಗಾಲ ಕೂತು ಮೀನಿನ ದಾರ ಹೊಸೆದ. ಹೈದರಾಬಾದಿನಿಂದ ರೇಶಿಮೆ ಎಳೆ ತರಿಸಿ, ಬಾಗಿಲ ಚಿಲಕಕ್ಕೆ ಕಟ್ಟಿ, ಮೂರೆಳೆ ಕೂಡಿಸಿ ಹುರಿ ಹಾಕಿ, ಜೇನುಮೇಣ ತಿಕ್ಕಿ, ಅರವತ್ತು ಮಾರು ಉದ್ದ ಮಾಡಿದ. ಗಿರಾಕಿಗಳು ಆ ದಾರ ದಾಟಿ ಒಳಗೆ ಬರಬೇಕಿತ್ತು. "ನನ್ನ ನಿಕಾಹ್ ದರ್ಜೀ ಜೋಡಿ ಆಗಿತ್ತು, ಈಗ ನೋಡಿದ್ರ ಮನ್ಯಾಗ ಸವತಿ ಬಂದು ಬಾಗಿಲಿಗೆ ಕಟಗೊಂಡಾಳ" ಎಂದು ವಜೀರಬೀ ಪರದೆಯ ಹಿಂದಿನಿಂದ ಎಲ್ಲರಿಗೂ ಕೇಳುವಂತೆ ಹೇಳುತ್ತಿದ್ದಳು.

ನಾನು ಗೋರಖನಾಥ, ಕಚೇರಿಯ ಗುಮಾಸ್ತ. ಪಾಶಾ ನನ್ನನ್ನು ಮುನಶಿ ಎಂದು ಕರೆಯುತ್ತಿದ್ದ. ಮೊನ್ನೆ ಮೊನ್ನೆಯವರೆಗೆ ಉರ್ದು ಬರೆಯುತ್ತಿದ್ದ ಕೈ ನನ್ನದು. ಬೀದರ ಮೈಸೂರು ರಾಜ್ಯಕ್ಕೆ ಸೇರಿದ್ದೇ ತಡ, ಇನ್ನು ಮೇಲೆ ಎಲ್ಲ ಕನ್ನಡದಲ್ಲಿ ಎಂದು ಹುಕುಂ ಬಂತು. ಮನೆಯಲ್ಲಿ ಮಾತಾಡುವ ಭಾಷೆಯೇ ಆದರೂ ಬರೆಯಲು ಕೂತರೆ ಒತ್ತಕ್ಷರಗಳು ನನ್ನ ಬೆವರಿಳಿಸುತ್ತಿದ್ದವು. ಶನಿವಾರ ಬರುವಷ್ಟರಲ್ಲಿ ತಲೆ ಕೆಟ್ಟು ಹೋಗಿ, ರವಿವಾರ ಎಲ್ಲಿಗಾದರೂ ಹೊರಟುಬಿಡೋಣ ಅನಿಸುತ್ತಿತ್ತು. ಕೊರಳಲ್ಲಿ ತುಳಸಿಮಾಲೆ ಇದೆ, ನಾನು ಮೀನು ಮುಟ್ಟುವವನಲ್ಲ. ಆದರೂ ಪಾಶಾನ ಬೆನ್ನು ಹತ್ತಿ ಹೊಳೆಗೆ ಹೋಗುತ್ತಿದ್ದೆ. ಚಹಾ ಕಾಸುವುದು, ಬಿಸಿಲನ್ನು ಬೈಯುವುದು, ಇವೆರಡೂ ನನ್ನ ಪಾಲಿನ ಕೆಲಸ. ಮೂರನೆಯವನು ಪಂಢರಿ, ಬೀದರ ಸ್ಟೇಷನ್ನಿನ ಹಮಾಲ. ಅವನದು ಬಿದಿರ ಕೋಲಿನ ಗಾಳ, ದಾರವೂ ಕೋಲಿನಷ್ಟೇ ಉದ್ದ. ದಂಡೆಯ ಬುಡದಲ್ಲಿ ಆಡುವ ಸಣ್ಣ ಮೀನು ಹಿಡಿದು ಅವನು ಖುಷಿಪಡುತ್ತಿದ್ದ.

ಪಾಶಾನ ಕಣ್ಣು ಒಂದೇ ಒಂದು ಮೀನಿನ ಮೇಲಿತ್ತು. ಭಾಲ್ಕಿಯ ಆಚೆ ಮಾಂಜ್ರಾ ಹೊಳೆ ತಿರುಗುವ ಕಡೆ ಗುಂಡಿನ ಮಡು ಎಂಬ ಆಳವಾದ ಜಾಗವಿದೆ. ಅಲ್ಲಿ ಒಂದು ಬಾಳೆಮೀನು, ಮೀಸೆಯದು, ಪೊರೆಯಿಲ್ಲದ ನುಣ್ಣನೆಯ ಮೈಯದು, ಹಿಂದಿನ ವರ್ಷ ಅವನ ಗಾಳವನ್ನು ನೆಟ್ಟಗೆ ಮಾಡಿ ಹೋಗಿತ್ತು. ಆ ನೆಟ್ಟಗಾದ ಗಾಳವನ್ನು ಅವನು ಮಿಷನ್ನಿನ ಡಬ್ಬಿಯಲ್ಲಿ ಸೂಜಿಗಳ ಜೊತೆ ಇಟ್ಟುಕೊಂಡಿದ್ದ, ಬಂದವರಿಗೆಲ್ಲ ತೋರಿಸುತ್ತಿದ್ದ.

ಆ ರವಿವಾರ ಪರಳಿಗೆ ಹೋಗುವ ರೈಲು ಹತ್ತಿ ಭಾಲ್ಕಿಯಲ್ಲಿ ಇಳಿದು, ಬಾಡಿಗೆ ಸೈಕಲ್ ಹಿಡಿದು, ಮಧ್ಯಾಹ್ನದ ಹೊತ್ತಿಗೆ ಮಡುವಿಗೆ ಬಂದೆವು. ಆಕಾಶ ತೊಳೆದಿಟ್ಟಂತಿತ್ತು. ಮಡುವಿನ ಮೇಲ್ಗಡೆ ಹೊಳೆಯ ನಡುವೆ ಒಂದು ಕರಿ ಹಾಸುಬಂಡೆ, ಅದರ ಮೇಲೆ ಮಳೆಗಾಲದ ಹಸಿ ಹುಲ್ಲು. ಪಾದ ನೆನೆಯುವಷ್ಟು ನೀರು ದಾಟಿದರೆ ಬಂಡೆಗೆ ಹೋಗಬಹುದಿತ್ತು. ಮಡೆಪ್ಪ ಹತ್ತು ಹನ್ನೆರಡು ಕುರಿಗಳನ್ನೂ ಒಂದು ದೊಡ್ಡ ಟಗರನ್ನೂ ಅಲ್ಲಿ ಮೇಯಲು ಬಿಟ್ಟು, ಕಂಬಳಿ ಹೊದ್ದು ಮಲಗಿದ್ದ. ಅವನ ಊರು ಔರಾದ ಕಡೆಯ ಠಾಣಾ ಕುಶನೂರ. ಹೆಂಡತಿಯ ಅಣ್ಣ ದತ್ತಾತ್ರಿಯ ಹೊಲ ಈ ದಂಡೆಯಲ್ಲಿತ್ತು. ಹೊಲಕ್ಕೆ ಗೊಬ್ಬರವಾಗಲೆಂದು ಅಲ್ಲಿ ಹಿಂಡು ತರುಬಲು ಗಂಡ ಹೆಂಡತಿ ಹೊಳೆ ದಾಟಿ ಬಂದಿದ್ದರು. ಇದನ್ನೆಲ್ಲ ಗಂಗುಬಾಯಿಯೇ ನಮಗೆ ಹೇಳಿದ್ದಳು. ರೊಟ್ಟಿ ಬುತ್ತಿ ತಂದು ದಂಡೆಯ ಮೇಲೆ ಕೂತಿದ್ದಳು, ಗಂಡ ಎದ್ದು ಬರಲೆಂದು ಕಾಯುತ್ತಿದ್ದಳು.

ಪಾಶಾ ಹಳೆಯ ಚಾದರ ಹಾಸಿ ಅದರ ಮೇಲೆ ದಾರವನ್ನು ಸುತ್ತು ಸುತ್ತಾಗಿ ಬಿಡಿಸಿಟ್ಟ. ಸುತ್ತು ಒಂದಕ್ಕೊಂದು ತೊಡಕಬಾರದು, ಅದಕ್ಕೇ ಚಾದರ. ಇತ್ತ ತುದಿಯನ್ನು ಸೊಂಟಕ್ಕೆ ಕಟ್ಟಿದ. ಅತ್ತ ತುದಿಗೆ ಸೀಸದ ಗುಂಡು, ಗಾಳ, ಕೋಳಿ ಕರುಳು. ತಲೆಯ ಮೇಲೆ ಗಿರಗಿರ ತಿರುಗಿಸಿ ಬಿಟ್ಟನೆಂದರೆ ಗುಂಡು ಮಡುವಿನ ನಟ್ಟ ನಡುವೆ ಹೋಗಿ ಬಿತ್ತು. ಆಮೇಲೆ ಮಾತಿಲ್ಲ ಕತೆಯಿಲ್ಲ, ದಾರದ ಮೇಲೆ ಬೆರಳಿಟ್ಟು ಕೂತುಬಿಟ್ಟ.

ನಾನು ಚಹಾಕ್ಕೆ ಮೂರು ಕಲ್ಲು ಹೂಡಿ ಬೆಂಕಿ ಊದುತ್ತಿದ್ದೆ. ಬೆಂಕಿ ಚುಂಯ್ ಎಂದು ಆರಿತು. ಬಗ್ಗಿ ನೋಡಿದರೆ ಕಲ್ಲಿನ ಬುಡಕ್ಕೆ ನೀರು ಬಂದಿತ್ತು. ತಲೆಯೆತ್ತಿದೆ. ಹೊಳೆಯ ಬಣ್ಣ ಬದಲಾಗಿತ್ತು. ನೊರೆ, ಜೋಳದ ದಂಟು, ಕುಳ್ಳು ತೇಲಿ ಬರುತ್ತಿದ್ದವು. ನಮ್ಮ ತಲೆಯ ಮೇಲೆ ಒಂದು ಮೋಡವೂ ಇರಲಿಲ್ಲ. ಮಳೆ ಹೊಡೆದದ್ದು ಮೇಲೆ ನಿಲಂಗಾ ಕಡೆ. ಅದರ ಹಿಂದಿನ ತಿಂಗಳವರೆಗೆ ಅದೂ ನಮ್ಮ ಬೀದರ ಜಿಲ್ಲೆಯೇ, ಆಗ ಮುಂಬಯಿ ರಾಜ್ಯ ಸೇರಿತ್ತು. ನೀರಿಗೆ ಈ ಸುದ್ದಿ ಯಾರೂ ಮುಟ್ಟಿಸಿರಲಿಲ್ಲ.

"ಪಾಶಾ, ಹೊಳಿ ಬರ್ಲಾಕತ್ತದ. ಏಳು!" ಎಂದೆ.

ಅವನು ಸುಮ್ಮನಿರು ಎಂದು ಬೆರಳೆತ್ತಿದ. ಚಾದರದ ಮೇಲಿನ ದಾರ ಒಂದು ಸುತ್ತು ಮೆಲ್ಲಗೆ ಜರುಗಿತು. ಇನ್ನೊಂದು ಸುತ್ತು. ಆಮೇಲೆ ಸರಸರ ಓಡತೊಡಗಿತು. ಪಾಶಾ ನೆಗೆದು ನಿಂತು ದಾರ ಹಿಡಿದ, ಅಂಗೈಯಿಂದ ಚರ್ರೆಂದು ಸದ್ದು ಬಂತು. ಅದೇ ಹೊತ್ತಿಗೆ ಗಂಗುಬಾಯಿ ಕಿರುಚಿದಳು.

ಮಡೆಪ್ಪ ಎದ್ದಿದ್ದ. ಕುರಿಗಳನ್ನು ನೀರಿಗೆ ಇಳಿಸಲು ಹೊಡೆಯುತ್ತಿದ್ದ, ಅವು ಇಳಿಯಲೊಲ್ಲವು. ಒಂದನ್ನು ದಬ್ಬಿದರೆ ಇನ್ನೊಂದು ಹಿಂದೆ ಓಡುತ್ತಿತ್ತು. ಆಗ ಅವನೊಬ್ಬನೇ ಬಂದಿದ್ದರೆ ಸೊಂಟದ ಮಟ್ಟದ ನೀರಿನಲ್ಲಿ ದಾಟಿ ಬಿಡುತ್ತಿದ್ದ. ಬರಲಿಲ್ಲ. "ಕುರಿ ಬಿಟ್ಟು ಬಾರೋ, ನಿನ್ನ ಕಾಲ ಬೀಳ್ತೀನಿ ಬಾರೋ" ಎಂದು ಅವಳು ಗಂಟಲು ಹರಿದುಕೊಂಡಳು. ಅವನು ಕೈ ಬೀಸಿ ಏನೋ ಹೇಳಿದ, ನೀರಿನ ಸದ್ದಿನಲ್ಲಿ ಕೇಳಿಸಲಿಲ್ಲ. ನಾವು ನೋಡುತ್ತಿದ್ದಂತೆ ಪಾದದ ನೀರು ಎದೆ ಮಟ್ಟದ್ದಾಯಿತು, ಅದರ ಮೇಲೆ ಸುಳಿ ಎದ್ದವು.

ಈಸು ಬಲ್ಲವನು ನಮ್ಮಲ್ಲಿ ಪಂಢರಿ ಒಬ್ಬನೇ. ಅಂಗಿ ಬಿಚ್ಚಿ ಎಸೆದು ಹಾರಿಯೇಬಿಟ್ಟ. ಬಂಡೆಯ ಕಡೆ ನಾಲ್ಕು ಕೈ ಹಾಕಿದ್ದೇ ಬಂತು, ಹೊಳೆ ಅವನನ್ನು ಹುಲ್ಲುಕಡ್ಡಿಯ ಹಾಗೆ ಎತ್ತಿ ಕೆಳಗಿನ ಕಲ್ಲುಗಳಿಗೆ ಬಡಿಯಿತು. ನಾನು ಜಾಲಿ ಟೊಂಗೆ ಚಾಚಿ ಎಳೆದುಕೊಂಡೆ. ಹಣೆ ಒಡೆದು ಕಣ್ಣಿಗೆ ರಕ್ತ ಇಳಿಯುತ್ತಿತ್ತು. "ಆಗೂದಿಲ್ಲ ಮುನಶಿ, ಆಗೂದಿಲ್ಲ" ಎನ್ನುತ್ತ ಕೆಮ್ಮಿದ. ಕುರಿಗಳ ಕೂಗು ಕೇಳಿ ಕೇಳಿ, ಕಿವಿ ಮುಚ್ಚಿಕೊಳ್ಳೋಣ ಅನಿಸುತ್ತಿತ್ತು.

ಕೂಗು ಕೇಳಿ ದತ್ತಾತ್ರಿ ಹೊಲದಿಂದ ಓಡಿ ಬಂದ. ಹೆಗಲ ಮೇಲೆ ಬಾವಿಯ ಹಗ್ಗ, ಕೈಯಲ್ಲಿ ಹುಲ್ಲು ಕೊಯ್ಯುತ್ತಿದ್ದ ಕುಡಗೋಲು. ಹಗ್ಗವನ್ನು ಬಂಡೆಯ ಕಡೆ ಎಸೆದ. ಅರ್ಧ ದಾರಿಗೂ ಹೋಗದೆ ದಪ್ಪನೆ ಬಿತ್ತು. ಕಲ್ಲು ಕಟ್ಟಿ ಎಸೆದ, ಆಗಲೂ ಅಷ್ಟೇ. ಅಷ್ಟು ಭಾರದ ಹಗ್ಗ ಅಷ್ಟು ದೂರ ಹಾರುವುದಲ್ಲ.

ಆಗ ನನಗೆ ಹೊಳೆಯಿತು. ತೆಳುವಾದದ್ದು ಬೇಕು. ಗುಂಡು ಕಟ್ಟಿ ಬೀಸಿದರೆ ಬಂಡೆ ದಾಟಿ ಬೀಳುವಂಥದ್ದು. ಅದನ್ನು ಮಡೆಪ್ಪ ಹಿಡಿದರೆ, ಇತ್ತ ತುದಿಗೆ ಹಗ್ಗ ಕಟ್ಟಿದರೆ, ಅವನೇ ಜಗ್ಗಿಕೊಳ್ಳುತ್ತಾನೆ. ಪಾಶಾನ ದಾರ!

ಕೆಳಗೆ ಮಡುವಿನ ದಂಡೆಗೆ ಓಡಿದೆ. ಗಂಗುಬಾಯಿ ನನಗಿಂತ ಮುಂಚೆ ಅಲ್ಲಿದ್ದಳು. ನಾನು ಮೊದಲಿಗೆ ಹೇಳಿದ ಕೋಲಿನ ಏಟು ಬೀಳುತ್ತಿದ್ದದ್ದು ಈಗಲೇ. ಜಗತ್ತು ಮುಳುಗುತ್ತಿದ್ದರೂ ಮೀನು ಜಗ್ಗುತ್ತ ನಿಂತ ಆ ಬೆನ್ನನ್ನು ನೋಡಿ ನನಗೂ ರೋಷ ಉಕ್ಕಿತು. ಅವಳ ಕೈಯಿಂದ ಕೋಲು ಕಸಿದು ನಾನೇ ನಾಲ್ಕು ಬಾರಿಸೋಣ ಅನಿಸಿತು. "ಏ ಹರಾಮಖೋರ, ದಾರ ಕೊಡೋ! ಮೀನ ಬಿಟ್ಟು ದಾರ ಕೊಡೋ!" ಎಂದು ಒದರಿದೆ.

ಅವನು ಗಕ್ಕನೆ ತಲೆ ತಿರುಗಿಸಿದ. ಹಲ್ಲಿನಲ್ಲಿ ದಾರ ಕಚ್ಚಿದ್ದ. ಅದು ಅವನ ಪದ್ಧತಿ. ಗಾಳದ ಕೋಲಿಲ್ಲ, ದಾರ ಸುತ್ತುವ ಗಿರಕಿಯಿಲ್ಲ, ಬರೀ ಕೈಯಲ್ಲಿ ಎಳೆಯುವವನು ಒಂದು ಕೈ ಬದಲಿಸುವಾಗ ದಾರವನ್ನು ಹಲ್ಲಿನಲ್ಲಿ ಹಿಡಿಯಲೇಬೇಕು, ಇಲ್ಲದಿದ್ದರೆ ಎಳೆದದ್ದೆಲ್ಲ ಮತ್ತೆ ಓಡುತ್ತದೆ. ಬಾಯಿ ಬಿಡುವ ಹಾಗಿರಲಿಲ್ಲ. ಅವನು ಕಣ್ಣಿನಿಂದ ಚಾದರದ ಕಡೆ ತೋರಿಸಿದ. ನೋಡಿದೆ.

ಚಾದರ ಖಾಲಿ. ಒಂದು ಸುತ್ತೂ ಇರಲಿಲ್ಲ. ಅರವತ್ತು ಮಾರು ದಾರವನ್ನು ಮೀನು ನೀರಿನೊಳಗೆ ಎಳೆದುಕೊಂಡು ಹೋಗಿತ್ತು. ಈಗ ಮೀನು ಬಿಡುವುದೆಂದರೆ ದಾರ ಬಿಡುವುದು. ಕತ್ತರಿಸಿದರೆ ನಮ್ಮ ಕೈಯಲ್ಲಿ ಉಳಿಯುವುದು ಮೊಳವೋ ಎರಡು ಮೊಳವೋ. ದಾರ ಬೇಕಾದರೆ ಮೀನನ್ನು ದಂಡೆಗೆ ತರಲೇಬೇಕಿತ್ತು, ಬೇರೆ ದಾರಿಯಿರಲಿಲ್ಲ. ಮಡೆಪ್ಪನ ಜೀವ ಆ ಬಾಳೆಮೀನಿನ ಬಾಯಲ್ಲಿತ್ತು.

"ಅವ್ವಾ ನಿಲ್ಲು, ನಿಲ್ಲು! ಮೀನ ಬಂದ್ರನ ದಾರ ಬರ್ತದ!" ಎಂದು ಗಂಗುಬಾಯಿಯ ಕೋಲು ಹಿಡಿದೆ. ಅವಳು ನನ್ನ ಕೈ ಕಚ್ಚಿದಳು. ಅವಳಿಗೆ ದಾರದ ವಿಷಯ ಏನು ಗೊತ್ತು? ಅವಳ ಕಣ್ಣಿಗೆ ಕಂಡದ್ದು ಇಬ್ಬರು ಗಂಡಸರು ಮೀನಿಗಾಗಿ ಅವಳ ಗಂಡನನ್ನು ಬಲಿ ಕೊಡುತ್ತಿರುವುದು. ಅಷ್ಟರಲ್ಲಿ ದತ್ತಾತ್ರಿ ಕುಡಗೋಲು ಎತ್ತಿಕೊಂಡು ನೀರಿಗಿಳಿದ.

"ಕೊಯ್ದು ಒಗೀತೀನಿ ನೋಡ್ರಿ ಇದನ್ನ!"

ಕೊಯ್ದಿದ್ದರೆ ಎಲ್ಲ ಮುಗಿಯುತ್ತಿತ್ತು. ಜೀವಮಾನದಲ್ಲಿ ಯಾರ ಮೈಮೇಲೂ ಕೈಯೆತ್ತದ ನಾನು ದತ್ತಾತ್ರಿಯ ಸೊಂಟಕ್ಕೆ ಬಿದ್ದೆ. ಇಬ್ಬರೂ ನೀರಿನಲ್ಲಿ ಉರುಳಿದೆವು. ತುಳಸಿಮಾಲೆ ಹರಿದು ಮಣಿಗಳು ಹೊಳೆಯ ಪಾಲಾದವು. ಅವನು ನನ್ನನ್ನು ಮಣ್ಣಿಗೆ ಒತ್ತಿ ಹಿಡಿದ, ಬಾಯಲ್ಲಿ ಕೆಸರು ತುಂಬಿತು. ಪಂಢರಿ ಓಡಿ ಬಂದು ಅವನ ಕುತ್ತಿಗೆಗೆ ಕೈ ಹಾಕಿ ಎಳೆದು, ಒಂದೊಂದೇ ಮಾತು ಬಿಡಿಸಿ ಕಿವಿಯಲ್ಲಿ ಕೂಗಿ ಹೇಳಿದ. ದಾರ ಮೀನಿನ ಹತ್ತಿರ ಅದ. ಮೀನ ಬಂದ್ರ ದಾರ ಬರ್ತದ. ದಾರ ಬಂದ್ರ ಹಗ್ಗ ಹೋಗ್ತದ. ದತ್ತಾತ್ರಿ ಬಾಯಿ ತೆರೆದು ಪಾಶಾನನ್ನು ನೋಡಿದ. ಆಮೇಲೆ ತಂಗಿಯ ಹತ್ತಿರ ಹೋಗಿ ಕೋಲು ಕಸಿದುಕೊಂಡ.

ಅದಾದ ಮೇಲೆ ನಾವು ಮಾಡುವಂಥದ್ದು ಏನೂ ಇರಲಿಲ್ಲ, ನೋಡುವುದಷ್ಟೇ. ಅದಕ್ಕಿಂತ ಕಷ್ಟದ ಕೆಲಸ ನನಗೆ ಗೊತ್ತಿಲ್ಲ. ಪಾಶಾ ಒಂದು ಮಾರು ಎಳೆಯುತ್ತಿದ್ದ, ಹಲ್ಲಿಗೆ ಕಚ್ಚುತ್ತಿದ್ದ, ಮತ್ತೆ ಒಂದು ಮಾರು. ನಾನು ಅವನ ಹಿಂದೆ ಕೂತು ಬಂದ ದಾರವನ್ನು ಚಾದರದ ಮೇಲೆ ಸುತ್ತಿಡುತ್ತಿದ್ದೆ, ದಾರ ಕೆಂಪಾಗಿ ಬರುತ್ತಿತ್ತು. ಒಮ್ಮೆ ಮೀನು ತಳಕ್ಕೆ ಹೊಟ್ಟೆ ಹಚ್ಚಿ ಕೂತುಬಿಟ್ಟಿತು. ಎಷ್ಟು ಜಗ್ಗಿದರೂ ಜರುಗಲಿಲ್ಲ. ಬಂಡೆಯ ಮೇಲೆ ಹುಲ್ಲು ಮುಳುಗಿತ್ತು. ಮಡೆಪ್ಪ ಕುರಿಗಳನ್ನೆಲ್ಲ ಎತ್ತರದ ತುದಿಗೆ ಒತ್ತರಿಸಿ ಅವುಗಳ ನಡುವೆ ನಿಂತಿದ್ದ. ಪಾಶಾ ದಾರವನ್ನು ಬಿಗಿ ಹಿಡಿದು ಬೆರಳಿನಿಂದ ಮೀಟಿದ, ಮತ್ತೆ ಮೀಟಿದ. ಮೀನಿಗೆ ಅದು ಸೇರಲಿಲ್ಲವೆಂದು ಕಾಣುತ್ತದೆ, ಎದ್ದಿತು. ಎದ್ದದ್ದೇ ಇತ್ತ ತಿರುಗಿತು. ಪಾಶಾ ಹಿಂದೆ ಹಿಂದೆ ಓಡುತ್ತ ದಾರ ಎಳೆದ, ನಾನು ಸುತ್ತಲಾರದೆ ತಬ್ಬಿಕೊಂಡೆ.

ಕೆಂಪು ನೀರಿನಲ್ಲಿ ಮೊದಲು ಮೀಸೆ ಕಂಡಿತು, ಆಮೇಲೆ ಎಮ್ಮೆಕರುವಿನ ಬಾಯಿಯಷ್ಟು ಅಗಲದ ಬಾಯಿ. ಪಂಢರಿ "ಯಪ್ಪಾ!" ಎಂದು ಎರಡೂ ಕೈ ಚಾಚಿ ಅದರ ಕಿವಿರಿಗೆ ಹೋದ.

ಪಾಶಾ ಬಾಯಿಂದ ದಾರ ಉಗುಳಿದ. "ದತ್ತಾತ್ರಿ ಭಾಯಿ, ಈಗ ಕೊಯ್ರಿ!"

ಕುಡಗೋಲು ಗಾಳದ ಮೇಲ್ಗಡೆ ಒಂದೇ ಏಟಿಗೆ ಕೊಯ್ದಿತು. ಮೀನು ಒಂದು ಕ್ಷಣ ಅಲ್ಲೇ ಹೊಯ್ದಾಡಿ, ಬಾಲ ಬಡಿದು ಪಂಢರಿಯ ಮುಖಕ್ಕೆ ಕೆಸರು ಹಾರಿಸಿ ಹೋಯಿತು.

ಎಲ್ಲರೂ ಬಂಡೆಯ ಎದುರಿಗೆ ಓಡಿದೆವು. ಚಾದರ ಹಾಸಿದೆವು. ಪಾಶಾ ಗುಂಡು ಕಟ್ಟಿ ಬೀಸಿದ. ಮೊದಲನೆಯದು ಗಾಳಿಗೆ ಸಿಕ್ಕು ಕೆಳಗೆ ಬಿತ್ತು. ಎರಡನೆಯದು ಬಂಡೆಯ ಅಂಚಿಗೆ ಬಿದ್ದು ಜಾರಿತು. ಮೂರನೆಯದು ಕುರಿಗಳ ಬೆನ್ನ ಮೇಲೆ ಹಾದು ಆಚೆ ಬಿತ್ತು, ಮಡೆಪ್ಪ ಎರಗಿ ಹಿಡಿದುಕೊಂಡ. ಗಂಗುಬಾಯಿ ನೆಲಕ್ಕೆ ಕುಸಿದು ಹಣೆ ಹಚ್ಚಿದಳು. ದಾರದ ನಡುವಿಗೆ ಹಗ್ಗ ಕಟ್ಟಿದೆವು, ಉಳಿದ ದಾರ ಪಾಶಾನ ಸೊಂಟದಲ್ಲೇ ಇತ್ತು, ಮಡೆಪ್ಪ ಕೈ ಮೇಲೆ ಕೈ ಹಾಕಿ ಎಳೆದುಕೊಂಡ. ಹಗ್ಗದ ನಮ್ಮ ತುದಿಯನ್ನು ಜಾಲಿಗಿಡಕ್ಕೆ ಎರಡು ಸುತ್ತು ಸುತ್ತಿದೆವು. ಪಾಶಾ ಬಾಯಿಗೆ ಕೈಯಿಟ್ಟು ಕೂಗಿದ, "ದಾರ ಬಿಡಬ್ಯಾಡ್ರಿ! ದಾರ ಅಲ್ಲೇ ಇಟಗೋರಿ!"

ದಾರ ಅಲ್ಲಿದ್ದರೆ ಹಗ್ಗವನ್ನು ಮತ್ತೆ ಅತ್ತ ಎಳೆದುಕೊಳ್ಳಬಹುದಿತ್ತು. ಮಡೆಪ್ಪ ದಾರ ಬಿಚ್ಚಿ ನೀರಿಗೆ ಬಿಟ್ಟ, ಪಾಶಾ ಅದನ್ನು ಇತ್ತ ಜಗ್ಗಿಕೊಂಡ. ಹಗ್ಗದ ತುದಿಯನ್ನು ಬಗಲಲ್ಲಿ ಹಾಕಿಕೊಂಡು ಕಟ್ಟತೊಡಗಿದ. ಕುರಿಗಳ ನಡುವೆ ಬಗ್ಗಿದ್ದರಿಂದ ಏನು ಕಟ್ಟುತ್ತಿದ್ದಾನೆ ಕಾಣಿಸಲಿಲ್ಲ. ಆಮೇಲೆ ಕೈಯೆತ್ತಿ ಸನ್ನೆ ಮಾಡಿದ. ನಾವು ನಾಲ್ವರೂ ಜೀವ ಬಿಟ್ಟು ಎಳೆದೆವು.

ಹಗ್ಗಕ್ಕೆ ಟಗರು ಬಂತು.

ದತ್ತಾತ್ರಿ ಭಾವನಿಗೆ ಬಾಯಿಗೆ ಬಂದದ್ದೆಲ್ಲ ಬೈದ. ಅಲ್ಲಿ ಮಡೆಪ್ಪ ತನ್ನ ಲೆಕ್ಕದಲ್ಲಿ ಸರಿಯಾಗಿಯೇ ಮಾಡಿದ್ದ. ಟಗರು ಹೋದ ಕಡೆ ಕುರಿ ಹೋಗುತ್ತವೆ. ಅವನು ಒಂದೊಂದನ್ನೇ ದಾಟಿಸಬೇಕಾಗಿಲ್ಲ, ಮುಂದಾಳನ್ನು ದಾಟಿಸಿದರೆ ಸಾಕು. ಹುಟ್ಟಿದಾಗಿನಿಂದ ಹಾಗೆಯೇ ಹಳ್ಳ ಕೊಳ್ಳ ದಾಟಿಸಿದವನು. ಕುರಿಗಳೂ ಅವನ ಮಾತು ಸುಳ್ಳು ಮಾಡಲಿಲ್ಲ. ಟಗರು ಈ ದಂಡೆಯಲ್ಲಿ ಮೈ ಒದರಿ ಕೂಗಿದ್ದೇ, ಅವು ಒಂದರ ಹಿಂದೊಂದು ಹೊಳೆಗೆ ಹಾರಿದವು. ಕೆಲವು ಕೆಳಗಡೆ ದಂಡೆ ಹತ್ತಿದವು. ಕೆಲವು ಹತ್ತಲಿಲ್ಲ, ಮಡುವಿನ ತಿರುವಿನವರೆಗೆ ಅವುಗಳ ತಲೆ ಕಾಣುತ್ತಿದ್ದವು. ಬಂಡೆಯ ಮೇಲೆ ಉಳಿದದ್ದು ಮಡೆಪ್ಪ ಮತ್ತು ಅವನ ಕಂಬಳಿ. ನೀರು ಅವನ ಮೊಣಕಾಲಿಗೆ ಬಂದಿತ್ತು.

ಮತ್ತೆ ದಾರ ಎಸೆಯಬೇಕಿತ್ತು. ಪಾಶಾ ಅಂಗೈ ತೆರೆದು ನೋಡಿಕೊಂಡ. ನಾನೂ ನೋಡಿದೆ, ನೋಡಬಾರದಿತ್ತು. ಬೆರಳುಗಳ ಬುಡದಲ್ಲಿ ದಾರ ಎಲುಬಿನವರೆಗೆ ಇಳಿದಿತ್ತು. ಬೀಸಲು ಹೋದ, ಗುಂಡು ಕೈಯಿಂದ ಜಾರಿ ಕಾಲ ಬುಡದಲ್ಲಿ ಬಿತ್ತು. ಇನ್ನೊಮ್ಮೆ ಬೀಸಿದ, ಅರ್ಧಕ್ಕೆ ಬಿತ್ತು.

"ಹತ್ರ ಹೋಗಬೇಕು. ನನ್ನ ಯಾರರೆ ಹಿಡೀರಿ" ಎಂದ.

ಗಂಗುಬಾಯಿ ಕಚ್ಚೆ ಬಿಗಿದುಕೊಂಡು ಬಂದಳು. ಯಾರನ್ನೂ ಕೇಳಲಿಲ್ಲ. ಪಾಶಾನ ಸೊಂಟವನ್ನು ಹಿಂದಿನಿಂದ ತೋಳಿನಲ್ಲಿ ಬಳಸಿ ಹಿಡಿದಳು. ಅವಳ ಸೀರೆಯ ಸೆರಗನ್ನು ದತ್ತಾತ್ರಿ ಹಿಡಿದ, ಅವನ ಕೈಯನ್ನು ಪಂಢರಿ, ಪಂಢರಿಯನ್ನು ನಾನು, ನಾನು ಜಾಲಿಗಿಡವನ್ನು. ಹಾಗೆ ಸಾಲಾಗಿ ನೀರಿಗಿಳಿದೆವು. ಪಾಶಾನ ಎದೆಯವರೆಗೆ ನೀರು ಬಂತು. ಒಂದು ಸಲ ಅವನ ಕಾಲು ಎದ್ದು ಹೋಯಿತು, ಗಂಗುಬಾಯಿ ಹಲ್ಲು ಕಚ್ಚಿ ನಿಲ್ಲಿಸಿದಳು. ಅವನು ಗುಂಡನ್ನು ಬೆರಳಲ್ಲಿ ಹಿಡಿಯಲಾರದೆ ದಾರವನ್ನು ಮುಂಗೈಗೆ ಸುತ್ತಿ, ಇಡೀ ತೋಳು ತಿರುಗಿಸಿ, "ಯಾ ಅಲ್ಲಾ!" ಎಂದು ಬಿಟ್ಟ.

ದಾರ ಮಡೆಪ್ಪನ ಹೆಗಲ ಮೇಲೆ ಬಿತ್ತು.

ಈ ಸಲ ಅವನು ತನ್ನನ್ನೇ ಕಟ್ಟಿಕೊಂಡ. ಕಟ್ಟಿಕೊಳ್ಳಲು ಇನ್ನೇನೂ ಉಳಿದಿರಲಿಲ್ಲ ಎಂದುಕೊಂಡೆ. ಹಗ್ಗ ಬಿಗಿಯಾದಾಗ ನೀರು ಅವನನ್ನು ಪೂರಾ ನುಂಗಿತು, ತಲೆಯೂ ಕಾಣಲಿಲ್ಲ. ಎಳೆದೆವು. ಗಂಗುಬಾಯಿ ಗಂಡನ ಹೆಸರು ಹಿಡಿದು ಕೂಗುತ್ತ ಎಳೆದಳು, ಅವರಲ್ಲಿ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ. ದಂಡೆಗೆ ಬಂದು ಬಿದ್ದವನು ನೀರು ಕಕ್ಕಿದ, ಉಸಿರಾಡಿದ. ಕಂಬಳಿ ಎದೆಗೆ ಅವುಚಿಕೊಂಡಿದ್ದ. ಅದನ್ನು ಬಿಡಿಸಿದರೆ ಒಳಗೆ ಒಂದು ಕುರಿಮರಿ, ಅದೂ ಉಸಿರಾಡುತ್ತಿತ್ತು.

ಬೀದರದಲ್ಲಿ ಈ ಸುದ್ದಿ ಹಬ್ಬಿಸಿದವನು ನಾನೇ. ಪಾಶಾನ ಹೆಸರು ಊರೆಲ್ಲ ಆಯಿತು. ಮೊದಲ ಕೂಗು ಕೇಳುತ್ತಲೇ ಅವನ ತಲೆಗೆ ದಾರದ ಉಪಾಯ ಹೊಳೆದಿತ್ತು, ಅಷ್ಟು ಏಟು ತಿಂದರೂ ಅದಕ್ಕೇ ಮೀನು ಬಿಡಲಿಲ್ಲ ಎಂದು ನಾನು ಹೇಳುತ್ತಿದ್ದೆ, ಜನ ತಲೆದೂಗುತ್ತಿದ್ದರು. ಅವನು ಅಲ್ಲಿದ್ದರೆ ತಲೆ ತಗ್ಗಿಸಿ ಚಹಾ ಕುಡಿಯುತ್ತಿದ್ದ. ವಿನಯ ಎಂದುಕೊಂಡಿದ್ದೆ. ಗಾಯ ಮಾಯಿತು, ಆದರೆ ಎಡಗೈಯ ಎರಡು ಬೆರಳು ಮತ್ತೆ ಮಡಚಲಿಲ್ಲ. ಆ ಚಳಿಗಾಲದಿಂದ ಮಿಷನ್ ಮೇಲೆ ವಜೀರಬೀ ಕೂತಳು. ಪಾಶಾ ಪಕ್ಕದಲ್ಲಿ ಕೂತು ಹೇಳಿಕೊಡುತ್ತಿದ್ದ, ಅವಳು ಬೈಯುತ್ತ ಕಲಿತಳು. ನಿಜ ಹೇಳಬೇಕೆಂದರೆ ಬಟ್ಟೆ ಹೇಳಿದ ದಿನಕ್ಕೆ ಸಿಗತೊಡಗಿದ್ದು ಆಮೇಲೆಯೇ. ನನ್ನ ಪಾಯಜಾಮವನ್ನು ಹೊಲಿದವಳೂ ಅವಳೇ.

ಅದನ್ನು ತರಲು ಹೋದ ದಿನ ಅಂಗಡಿಗೆ ಗಂಗುಬಾಯಿ, ಮಡೆಪ್ಪ ಬಂದರು. ಪಾಶಾನಿಗೆಂದು ಹೊಸ ಕಂಬಳಿ ನೇಯಿಸಿ ತಂದಿದ್ದರು. ವಜೀರಬೀ ಚಹಾ ಕೊಟ್ಟಳು. ಮಡೆಪ್ಪ ಚಹಾ ಕುಡಿದವನೇ ಹೊರಗೆ ಕಟ್ಟಿದ್ದ ವಜೀರಬೀಯ ಆಡಿನ ಹತ್ತಿರ ಹೋಗಿ ಅದರ ಕಾಲು ನೋಡತೊಡಗಿದ. ನಾನು ಎಂದಿನಂತೆ ಇನ್ನೊಬ್ಬ ಗಿರಾಕಿಗೆ ಕತೆ ಹೇಳುತ್ತಿದ್ದೆ, ಮೊದಲ ಕೂಗಿನ ಜಾಗಕ್ಕೆ ಬಂದಿದ್ದೆ.

"ತಡೀರಿ" ಎಂದಳು ಗಂಗುಬಾಯಿ. ನನಗಲ್ಲ, ಪಾಶಾನ ಕಡೆ ತಿರುಗಿ. "ಇವರು ಹೇಳೂದು ಖರೆ ಅದ ಏನ್ರಿ? ನಾ ಮೊದಲ ಒದರಿದಾಗನ ನಿಮಗ ದಾರದ ಖಬರ ಇತ್ತೇನ್ರಿ? ಇದ್ರ, ನಾ ಹೊಡದದ್ದು ದೊಡ್ಡ ಪಾಪ ಆತ್ರಿ. ಅವತ್ತಿಂದ ನನಗ ನಿದ್ದಿ ಹತ್ತವಲ್ದು. ಖರೆ ಹೇಳ್ರಿ."

ಮಿಷನ್ ನಿಂತಿತು. ಪಾಶಾ ಹೌದು ಎಂದುಬಿಡಬಹುದಿತ್ತು, ಊರೇ ಹಾಗೆ ನಂಬಿತ್ತು. ಹೇಳಿಬಿಡು ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಅವನ ಮರ್ಯಾದೆಗಿಂತ ಆಗ ನನ್ನ ಕತೆಯ ಚಿಂತೆ ನನಗೆ ಹೆಚ್ಚಾಗಿತ್ತು.

"ಇರಲಿಲ್ಲ ಅಕ್ಕಾ" ಎಂದ ಪಾಶಾ. ಮಡಚದ ಬೆರಳುಗಳನ್ನು ತೊಡೆಯ ಮೇಲಿಟ್ಟುಕೊಂಡಿದ್ದ. "ನೀವು ಮೊದಲ ಒದರಿದಾಗ ನಂಗ ಕೇಳಿಸ್ತು. ಮನಶ್ಯಾ ಮುಳಗ್ಲಾಕತ್ಯಾನ ಅಂತನೂ ತಿಳೀತು. ಖರೆ ತಲ್ಯಾಗ ಬರೇ ಮೀನ ಇತ್ರಿ. ಬಿಡಬೇಕಂತ ಅನಸಲೇ ಇಲ್ಲ. ನೀವು ಮತ್ತ ಒದರಿದ್ರಿ ನೋಡ್ರಿ, ಕೋಲ ಹಿಡಕೊಂಡು ಬಂದು. ಆವಾಗ ಬಂಡೆ ಕಡಿ ನೋಡಿದೆ. ದಾರದ ಖಬರ ಆವಾಗ ಬಂತು. ಮೊದಲಿನ ಏಟು ಸರಿಯಾಗೇ ಬಿದ್ದಾವ್ರಿ."

ವಜೀರಬೀ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಗಿರಾಕಿ ನನ್ನ ಮುಖ ನೋಡಿದ, ನಾನು ಪಾಯಜಾಮದ ಲಾಡಿ ನೋಡಿದೆ. ಗಂಗುಬಾಯಿ ಎದ್ದು ಕಂಬಳಿ ವಾಪಸು ತೆಗೆದುಕೊಂಡು ಹೋಗುತ್ತಾಳೆ ಎಂದು ನಾನು ಅಂದುಕೊಂಡೆ. ಅವಳು ಬಾಗಿಲಾಚೆ ನೋಡುತ್ತಿದ್ದಳು. ಅಲ್ಲಿ ಮಡೆಪ್ಪ ಆಡಿನ ಮುಂಗಾಲು ತೊಡೆಯ ಮೇಲಿಟ್ಟುಕೊಂಡು, ಗೊರಸಿನಲ್ಲಿ ಸಿಕ್ಕ ಮುಳ್ಳನ್ನು ಮೆಲ್ಲಗೆ ಕೀಳುತ್ತಿದ್ದ.

ಅವಳ ಕಣ್ಣು ತುಂಬಿದವು. ಹೊಳೆಯ ದಂಡೆಯಲ್ಲೂ ಅವಳು ಅತ್ತಿರಲಿಲ್ಲ.

"ನಿಮಗ ಎರಡನೇ ಸಲಕ್ಕರೆ ಕೇಳಿಸ್ತಲ್ರಿ ಅಣ್ಣಾ" ಎಂದಳು. "ಅವಗ ಇನ್ನೂ ಕೇಳಿಸಿಲ್ಲ."